ಜಳಕವಿಲ್ಲದ ಶ್ರಾವಣ

ನನ್ನ ಹೆಸರು ಬರೀ ಜಯಸಿಂಹ ಎಂದು ಎಷ್ಟು ಸಲ ಹೇಳಿದರೂ ಚನ್ನಬಸಯ್ಯನವರು ಕರೆಯುತ್ತಿದ್ದದ್ದು ‘ಜಯಸಿಂಹರಾವ್ರ’ ಎಂದೇ. ಮೈಸೂರು ಕಡೆಯ ಬ್ರಾಹ್ಮಣ ಅಂದಮೇಲೆ ಹೆಸರಿನ ಬಾಲಕ್ಕೆ ಒಂದು ರಾವ್ ಇರಲೇಬೇಕು ಎಂಬುದು ಅವರ ತೀರ್ಮಾನ. ಒಂದು ಸಂಗತಿ ಅವರ ತಲೆಯಲ್ಲಿ ಕೂತುಬಿಟ್ಟರೆ ಅದನ್ನು ಎಬ್ಬಿಸುವುದು ಯಾರ ಕೈಲೂ ಆಗುತ್ತಿರಲಿಲ್ಲ. ಎಷ್ಟೋ ವರ್ಷ ಈ ಹಟ ನನಗೆ ತಮಾಷೆಯಾಗಿ ಕಂಡಿತ್ತು. ಎಂಬತ್ತೊಂಬತ್ತರ ಮಳೆಗಾಲದಲ್ಲಿ ಮಾತ್ರ ಅದು ಅವರ ಪ್ರಾಣಕ್ಕೇ ಬಂದು ನಿಂತಿತು.

ವಿಕ್ರೋಳಿಯ ಕನ್ನಮ್‌ವಾರ್ ನಗರದ ಒಂದೇ ಬಿಲ್ಡಿಂಗಿನಲ್ಲಿ ನಾವು ಎದುರುಬದುರು ಮನೆಯವರು. ಅವರು ಬೈಲಹೊಂಗಲ ಕಡೆಯ ಜಂಗಮರು. ಇದ್ದೊಬ್ಬ ಮಗಳನ್ನು ಸೋಲಾಪುರಕ್ಕೆ ಕೊಟ್ಟು, ಗಂಡಹೆಂಡತಿ ಇಬ್ಬರೇ ಇದ್ದರು. ಹೆಂಡತಿ ಅಂಬವ್ವನವರನ್ನು ನಾನು ಅಂಬಕ್ಕ ಎನ್ನುತ್ತಿದ್ದೆ. ಅಯ್ಯನವರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಮಾರ್ಕರ್. ಉಕ್ಕಿನ ಪ್ಲೇಟನ್ನು ಕತ್ತರಿಸುವ ಮೊದಲು ಎಲ್ಲಿ ಕತ್ತರಿಸಬೇಕು, ಎಲ್ಲಿ ತೂತು ಕೊರೆಯಬೇಕು ಎಂದು ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹಾಕುವ ಕೆಲಸ. ಅವರು ಹಾಕಿದ ಗೆರೆಯ ಮೇಲೆ ಇನ್ನೊಬ್ಬರು ಪಟ್ಟಿ ಇಟ್ಟು ಅಳೆದರೆ ಆ ದಿನ ಊಟ ಸೇರುತ್ತಿರಲಿಲ್ಲ. ಭಾನುವಾರ ನಮ್ಮ ಮನೆಗೆ ಬಂದರೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಓರೆಯಾಗಿದೆ ಎಂದು ಸರಿಮಾಡಿಯೇ ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಅದು ನಿಜವಾಗಿಯೂ ಓರೆಯಾಗಿರುತ್ತಿತ್ತು.

ಅವರ ಇನ್ನೊಂದು ಹಟ ಜಳಕದ್ದು. ಬೆಳಗ್ಗೆ ಎದ್ದು ತಲೆಯಿಂದ ಕಾಲಿನವರೆಗೆ ಜಳಕ, ಆಮೇಲೆ ವಿಭೂತಿ, ಆಮೇಲೆ ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ. ಅದು ಮುಗಿಯದೆ ಬಾಯಿಗೆ ಹನಿ ನೀರೂ ಇಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಕಾರ್ಖಾನೆಗೆ ತಡವಾದರೂ ಸರಿ, ಕೊಡ ಹಿಡಿದು ಬಿಲ್ಡಿಂಗಿನ ಮನೆಮನೆ ತಿರುಗಿ ನೀರು ತಂದು ಜಳಕ ಮಾಡಿಯೇ ಹೋಗುತ್ತಿದ್ದರು.

ಆ ವರ್ಷ ಅವರಿಗೆ ಮೂತ್ರದ ತೊಂದರೆ ಶುರುವಾಯಿತು. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಕೆಲವು ತಿಂಗಳು ತಳ್ಳಿದರು. ಕೊನೆಗೆ ಮೂತ್ರ ಪೂರ್ತಿ ಕಟ್ಟಿಕೊಂಡು ಆಸ್ಪತ್ರೆ ಸೇರಿದಾಗ ಪರೀಕ್ಷೆಯೆಲ್ಲ ಆಗಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ‘ಗಂಟು’ ಎನ್ನುತ್ತಿದ್ದರು. ಕೇಳಿದ ಮೇಲೆ ನನಗೂ ವಾರಗಟ್ಟಲೆ ಬಚ್ಚಲಿಗೆ ಹೋದಾಗಲೆಲ್ಲ ಅನುಮಾನ. ನಾನು ಅಂಥ ಪುಕ್ಕಲ.

ಗಂಟು ಹರಡಿಲ್ಲ, ಪರೇಲಿನ ಆಸ್ಪತ್ರೆಗೆ ಹೊಸ ಮಶೀನ್ ಬಂದಿದೆ, ಕರೆಂಟ್, ಅಂದರೆ ವಿಕಿರಣ, ಕೊಡಿಸಿದರೆ ಗುಣವಾಗುವ ಭರವಸೆ ಇದೆ ಎಂದು ಅಲ್ಲಿಯ ಡಾಕ್ಟರ್‌ಬಾಯಿ ಹೇಳಿದರು. ಜೊತೆಗೆ ನಾನೇ ಹೋಗಿದ್ದೆ. ಶನಿವಾರ ಭಾನುವಾರ ಬಿಟ್ಟು ದಿನಾ ಬರಬೇಕು, ಒಂದೂವರೆ ತಿಂಗಳಿಗೂ ಹೆಚ್ಚು. ನಡುವೆ ಬಿಡಕೂಡದು, ಬಿಟ್ಟರೆ ಗಂಟಿಗೆ ಚೇತರಿಸಿಕೊಳ್ಳಲು ನಾವೇ ಅವಕಾಶ ಕೊಟ್ಟ ಹಾಗೆ ಎಂದು ಆಕೆ ಬೆರಳೆತ್ತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಉರಿಮೂತ್ರ, ಭೇದಿ, ಸುಸ್ತು, ಇವೆಲ್ಲ ಆಗಬಹುದು ಎಂದೂ ಹೇಳಿದರು. ಇನ್ನೂ ಏನೇನೋ ಹೇಳಿದರು. ಆದರೆ ಅಯ್ಯನವರು ಅಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಮೊದಲ ದಿನ ಅವರ ಹೊಟ್ಟೆಯ ಕೆಳಗೆ, ಎರಡೂ ಸೊಂಟದ ಪಕ್ಕಕ್ಕೆ ನೇರಳೆ ಶಾಯಿಯಿಂದ ಗೆರೆ ಎಳೆದರು. ಕರೆಂಟ್ ಎಲ್ಲಿ ಬೀಳಬೇಕು ಎಂಬುದಕ್ಕೆ ಆ ಗೆರೆಯೇ ಗುರುತು. ಟ್ರೀಟ್‌ಮೆಂಟ್ ಮುಗಿಯುವವರೆಗೆ ಅಲ್ಲಿ ನೀರು ಸೋಕಿಸಬೇಡಿ ಎಂದು ಮಶೀನ್ ನಡೆಸುವ ಟೆಕ್ನೀಶಿಯನ್ ಮರಾಠಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದನಂತೆ. ಆ ಸಂಜೆ ಅಯ್ಯನವರು ನಗುತ್ತಲೇ ಬಂದರು.

“ಜೀವನಪೂರ್ತಿ ಪ್ಲೇಟಿಗೆ ಗೆರಿ ಹಾಕಿದೆ ನೋಡ್ರಿ. ಈಗ ನನಗ ಹಾಕಿ ಕಳಿಸ್ಯಾರ.”

ನಗು ಬಹಳ ಹೊತ್ತು ನಿಲ್ಲಲಿಲ್ಲ. ಜಳಕದ ಗತಿ ಏನು ಎಂಬ ಯೋಚನೆ ಹತ್ತಿತು. ಕೊನೆಗೆ ಸೊಂಟದ ಮೇಲೆ ಜಳಕ, ಗೆರೆ ಇದ್ದಲ್ಲಿ ಹಾಗೇ ಬಿಟ್ಟು ಕಾಲಿಗೆ ನೀರು ಎಂದು ತಮಗೆ ತಾವೇ ಒಂದು ರಾಜಿ ಮಾಡಿಕೊಂಡರು. ಪೂಜೆ ನಡೆಯಿತು. ಆದರೆ ಮುಖದಲ್ಲಿ ಮೊದಲಿನ ಸಮಾಧಾನ ಇರಲಿಲ್ಲ ಎಂದು ಅಂಬಕ್ಕ ನನ್ನ ಹೆಂಡತಿ ವಿಮಲಾ ಹತ್ತಿರ ಹೇಳಿಕೊಂಡಿದ್ದರು.

ನನ್ನ ಆಫೀಸೂ ಪರೇಲಿನಲ್ಲೇ. ಅವರು ಕಾರ್ಖಾನೆಗೆ ರಜೆ ಹಾಕಿದ್ದರು, ಹಾಗಾಗಿ ಬೆಳಗಿನ ಸ್ಲೋ ಗಾಡಿಯಲ್ಲಿ ಇಬ್ಬರೂ ಜೊತೆಗೆ ಹೋಗುವುದಾಯಿತು. ಎರಡು ವಾರ ಏನೂ ಆಗಲಿಲ್ಲ. ಮಶೀನ್ ಕೆಳಗೆ ಮಲಗಿದರೆ ಏನೂ ತಿಳಿಯುವುದೇ ಇಲ್ಲ, ಇದಕ್ಕೆಂಥ ಕರೆಂಟ್ ಅನ್ನುತ್ತಾರೆ ಎಂದು ಗೇಲಿ ಮಾಡುತ್ತಿದ್ದರು. ಮೂರನೆಯ ವಾರ ಗೇಲಿ ನಿಂತಿತು. ಮೂತ್ರ ಮಾಡಿದರೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ, ಮಾಡಿ ಬಂದ ಮರುಕ್ಷಣ ಮತ್ತೆ ಅವಸರ. ಅದರ ಬೆನ್ನಿಗೆ ಭೇದಿ. ಡಾಕ್ಟರ್‌ಬಾಯಿ ರೊಟ್ಟಿ, ಸೊಪ್ಪು, ಖಾರದ ಚಟ್ನಿಪುಡಿ ಎಲ್ಲ ಬಿಡಿಸಿ ಮೆತ್ತಗಿನ ಅನ್ನ ಮಜ್ಜಿಗೆ ಬರೆದುಕೊಟ್ಟರು. ಕೊನೆಗೂ ನಮ್ಮ ಮೈಸೂರಿನವರ ದಾರಿಗೆ ಬಂದಿರಿ ಎಂದು ನಾನು ಚುಡಾಯಿಸಿದೆ. ಅವರು ನಗಲಿಲ್ಲ.

ಲೋಕಲ್ ಗಾಡಿಯಲ್ಲಿ ಪಾಯಖಾನೆ ಇಲ್ಲ. ಇದು ಮುಂಬಯಿಯವರಿಗೆಲ್ಲ ಗೊತ್ತಿರುವ ಸಂಗತಿ, ಆದರೆ ನಾನು ಅದನ್ನು ಗಮನಿಸಿದ್ದು ಆಗಲೇ. ಗಾಡಿ ಹತ್ತುವಾಗ ಅವರ ಮುಖ ಬಿಗಿಯುತ್ತಿತ್ತು. ಘಾಟ್‌ಕೋಪರ್ ದಾಟಿತೇ, ಕುರ್ಲಾ ಬಂತೇ ಎಂದು ಬಾಗಿಲ ಕಡೆಗೇ ಕಣ್ಣು. ಯಾವ ಸ್ಟೇಶನ್ನಿನಲ್ಲಿ ಸಂಡಾಸ ಯಾವ ತುದಿಗಿದೆ, ಯಾವುದರ ಬಾಗಿಲಿಗೆ ಚಿಲಕವಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು. ಮನೆಯಿಂದ ಏನೂ ತಿನ್ನದೆ ಹೊರಡುತ್ತಿದ್ದರು. ತಿಂದರೆ ಭಯ, ತಿನ್ನದಿದ್ದರೆ ಸುಸ್ತು.

ಆಗಸ್ಟಿನ ಒಂದು ಬೆಳಗ್ಗೆ ಕುರ್ಲಾ ದಾಟಿದ ಮೇಲೆ ಗಾಡಿ ನಿಂತಿತು. ಹಳಿಯ ಮೇಲೆ ನೀರು. ಮಳೆ ಸುರಿಯುತ್ತಲೇ ಇತ್ತು. ಜನ ಇಸ್ಪೀಟು ಬಿಚ್ಚಿದರು, ಒಬ್ಬ ಭಜನೆ ಶುರುಮಾಡಿದ. ಅಯ್ಯನವರು ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣುಮುಚ್ಚಿ ನಿಂತಿದ್ದರು. ಹಣೆಯಲ್ಲಿ ಬೆವರು ಇಳಿದು ವಿಭೂತಿ ಕರಗುತ್ತಿತ್ತು. ಇನ್ನೇನು ಹೊರಡುತ್ತದೆ, ಇನ್ನೇನು ಹೊರಡುತ್ತದೆ ಎಂದು ನಾನು ಅವರಿಗೆ ಹೇಳುತ್ತಲೇ ಇದ್ದೆ. ಗಾಡಿ ಕುಂಟುತ್ತಾ ಸಾಯನ್ ಮುಟ್ಟಿ, ನಾನು ಜನರನ್ನು ನೂಕಿ, ಪೇಶಂಟ್ ಆಹೇ, ಪೇಶಂಟ್ ಆಹೇ ಎಂದು ಕೂಗಿಕೊಂಡು ಅವರನ್ನು ಸಂಡಾಸದ ಸಾಲಿನ ಮುಂದಕ್ಕೆ ತಳ್ಳುವಷ್ಟರಲ್ಲಿ ತಡವಾಗಿಹೋಗಿತ್ತು.

ಅಲ್ಲೇ ತೊಳೆದುಕೊಂಡು, ನನ್ನ ರೇನ್‌ಕೋಟನ್ನು ಸೊಂಟಕ್ಕೆ ಸುತ್ತಿಕೊಂಡು ಅವರು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಕೊರಳಿನ ಕರಡಿಗೆಯನ್ನು ಶರ್ಟಿನ ಮೇಲಿಂದ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು.

ಅದಾದ ಕೆಲವು ದಿನಕ್ಕೆ ಅವರು ನನ್ನನ್ನು ಗಾಡಿಯ ಬೇರೆ ಡಬ್ಬಿ ಹತ್ತಿಸತೊಡಗಿದರು. ನೀವು ಸೀಟು ಸಿಕ್ಕಲ್ಲಿ ಕೂಡ್ರಿ, ನನಗೀಗ ಎಷ್ಟೋ ಆರಾಮ ಎನ್ನುತ್ತಿದ್ದರು. ಪರೇಲಿನ ಸೇತುವೆ ಮೇಲೆ ಕೈ ಬೀಸಿ ಅವರು ಆಸ್ಪತ್ರೆ ಕಡೆ, ನಾನು ಆಫೀಸಿನ ಕಡೆ. ಸಂಜೆ ಕೇಳಿದರೆ, ಆತ್ರಿ, ಇವತ್ತಿನದೂ ಆತು ಎನ್ನುತ್ತಿದ್ದರು. ನನಗೂ ಒಳಗೊಳಗೆ ಹಗುರವಾಯಿತು. ಸಾಯನ್ನಿನ ಆ ಬೆಳಗು ನನ್ನ ಕಣ್ಣಿನಿಂದ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ತಲೆನೋವೆಂದು ರಜೆ ಹಾಕಿ ಬೇಗ ಸ್ಟೇಶನ್ನಿಗೆ ಬಂದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಸಂಡಾಸಕ್ಕೆ ಹತ್ತಿರದ ಬೆಂಚಿನ ಮೇಲೆ ಚನ್ನಬಸಯ್ಯನವರು ಕೂತಿದ್ದರು. ಪಕ್ಕದಲ್ಲಿ ಅಂಬಕ್ಕ ಕಟ್ಟಿದ ಊಟದ ಡಬ್ಬಿ, ಬಿಚ್ಚಿರಲಿಲ್ಲ. ಕರೆಂಟ್ ಮುಗಿಯಿತೇ ಎಂದೆ. ಮುಗೀತು ಎಂದರು. ಆದರೆ ನನ್ನ ಮುಖ ನೋಡಲಿಲ್ಲ. ಬೆಳಗಿನ ಸರದಿ ಮುಗಿದವರು ಮಧ್ಯಾಹ್ನದವರೆಗೆ ಇಲ್ಲೇಕೆ ಎಂದು ನಾನು ಬೆನ್ನು ಬಿದ್ದೆ. ಕೊನೆಗೆ, ಆಸ್ಪತ್ರೆಗೆ ಹೋಗಿ ಒಂದು ವಾರದ ಮೇಲಾಯಿತು ಎಂದು ಒಪ್ಪಿಕೊಂಡರು.

ಮೈಯೆಲ್ಲ ಉರಿದುಹೋಯಿತು ನನಗೆ. ನಡುವೆ ಬಿಡಕೂಡದು ಎಂದು ಬೆರಳೆತ್ತಿ ಹೇಳಿದ್ದರಲ್ಲ, ಸಾಯಬೇಕೆಂದು ಮಾಡಿದ್ದೀರಾ ಎಂದು ಜನ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವರು ನಾನು ಮುಗಿಸುವವರೆಗೂ ತಲೆ ತಗ್ಗಿಸಿ ಕೂತು, ಆಮೇಲೆ ಒಂದೊಂದೇ ಮಾತು ತೆಗೆದರು. ಸಾಯನ್ನಿನಲ್ಲಿ ಹಾಗಾದ ಮೇಲೆ ಅವರಿಗೆ ಲಿಂಗ ಮುಟ್ಟಲು ಮನಸ್ಸೊಪ್ಪಲಿಲ್ಲ. ದಿನಕ್ಕೆ ಅಷ್ಟು ಸಲ ಸಂಡಾಸಕ್ಕೆ ಹೋಗಿ, ಬಟ್ಟೆಯಲ್ಲೇ ಮಾಡಿಕೊಂಡು, ಅರ್ಧ ಜಳಕದಲ್ಲಿ ಪೂಜೆ ಏನು ಪೂಜೆ ಅನ್ನಿಸಿತು. ಶ್ರಾವಣ ಸೋಮವಾರ ನಸುಕಿಗೆ, ಅಂಬಕ್ಕ ಬಿಲ್ವಪತ್ರೆ ತರಲು ಹೋದಾಗ, ಬಚ್ಚಲಿಗೆ ಹೋಗಿ ತಲೆ ಮೇಲಿಂದ ನೀರು ಸುರಿದುಕೊಂಡರು. ಮನಸಾರೆ ಪೂಜೆ ಮಾಡಿದರು. ಎದ್ದು ನೋಡಿಕೊಂಡರೆ ಮೈಮೇಲೆ ನೇರಳೆ ಬಣ್ಣದ ನೆರಳಷ್ಟೇ ಉಳಿದಿತ್ತು.

“ಹೇಳಿದ್ರ ಬೈತಾರಂತ ಅಂಜಿದೆ. ಕೈಯಾಗ ವಿದ್ಯಾ ಐತೆಲ್ಲ ಅಂತ ಸೊಕ್ಕೂ ಬಂತು. ಔಷಧದ ಅಂಗಡ್ಯಾಗಿಂದ ಅದ ಶಾಯಿ ತಂದೆ, ಕನ್ನಡಿ ಹಿಡಕೊಂಡು, ಸ್ಟೀಲ್ ಪಟ್ಟಿ ಇಟ್ಟು, ನಾನ ಗೆರಿ ಹಾಕ್ಕೊಂಡೆ ಜಯಸಿಂಹರಾವ್ರ. ಮುಂದ ನಾಕು ದಿನಕ್ಕ ಹಿಂದಿನಿಂದ ರಕ್ತ ಬಿತ್ತು. ನನ್ನ ಗೆರಿ ತಪ್ಪೈತಿ. ಕರೆಂಟ್ ಬ್ಯಾರೆ ಕಡೆ ಬಿದ್ದು ಕರಳು ಸುಟ್ಟೈತಿ.”

ಹೋದರೆ ಇನ್ನಷ್ಟು ಸುಡುತ್ತದೆ, ಹೇಳಿದರೆ ಆಸ್ಪತ್ರೆಯಿಂದಲೇ ಓಡಿಸುತ್ತಾರೆ, ಮನೆಯಲ್ಲಿ ಕೂತರೆ ಅಂಬಕ್ಕನಿಗೆ ತಿಳಿಯುತ್ತದೆ. ಮೂರೂ ಕಡೆ ಬಾಗಿಲು ಮುಚ್ಚಿಕೊಂಡು ಅವರು ಆ ಬೆಂಚಿಗೆ ಬಂದು ಕೂರುತ್ತಿದ್ದರು. ರಕ್ತದ ಬಟ್ಟೆಯನ್ನೂ ಇಲ್ಲೇ ತೊಳೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಫೋನಿಲ್ಲ, ಆಸ್ಪತ್ರೆಯವರು ಯಾರನ್ನು ವಿಚಾರಿಸಬೇಕು? ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅವರ ತೋಳು ಹಿಡಿದು ಎಬ್ಬಿಸಿದೆ. ಹೊರಗೆ ಕರೆತಂದು ಟ್ಯಾಕ್ಸಿಯಲ್ಲಿ ಕೂರಿಸಿದೆ. ಇಷ್ಟೇ ದೂರಕ್ಕೆ ಟ್ಯಾಕ್ಸಿಯೇ ಎಂದು ಡ್ರೈವರ್ ಗೊಣಗಿದ.

ಡಾಕ್ಟರ್‌ಬಾಯಿಯ ಕೋಣೆಯ ಹೊರಗೆ ಕಾದೆವು. ಅಯ್ಯನವರು ಎರಡು ಸಲ ಎದ್ದು ಹೊರಟರು, ಎರಡು ಸಲವೂ ನಾನು ಕೂರಿಸಿದೆ. ಒಳಗೆ ನನ್ನ ಹರಕು ಹಿಂದಿಯಲ್ಲಿ ನಾನೇ ಎಲ್ಲ ಹೇಳಿದೆ. ಜಳಕ, ಶಾಯಿ, ಕನ್ನಡಿ, ರಕ್ತ, ಬೆಂಚು. ಆಕೆ ಬೈಯಲಿಲ್ಲ. ಅದರಿಂದ ಇನ್ನೂ ಭಯವಾಯಿತು. ಪರೀಕ್ಷೆ ಮಾಡಿ, ಹೊರಗೆ ಹೋಗಿ ಟೆಕ್ನೀಶಿಯನ್ನನ್ನು ಕರೆತಂದರು.

ಅವನಿಗೆ ಎಲ್ಲ ನೆನಪಿತ್ತು. ಅಯ್ಯನವರನ್ನು ಅವನು ಬಾಬಾ ಎನ್ನುತ್ತಿದ್ದ. ಆ ಸೋಮವಾರ ಬಾಬಾ ಬಂದು ಮಲಗಿದ ಕೂಡಲೇ ಗೆರೆ ಒಂದು ಬೆರಳಷ್ಟು ಸರಿದದ್ದು ಕಂಡಿತಂತೆ. ಒರೆಸಿ, ಹಳೆಯ ಅಳತೆಯ ಪ್ರಕಾರ ಬೇರೆ ಹಾಕಿ ಆಮೇಲೆಯೇ ಮಶೀನ್ ಹಚ್ಚಿದನಂತೆ. ಮಳೆಗಾಲದಲ್ಲಿ ಬೆವರಿಗೆ ಎಲ್ಲರ ಗೆರೆಯೂ ಅಳಿಸುತ್ತದೆ, ನಾವು ದಿನಾ ಅಳೆದೇ ಹಚ್ಚುವುದು, ನೀರು ತಾಗಿಸಬೇಡಿ ಅಂತ ಬಾಬಾಗೆ ಹೇಳಿಯೂ ಇದ್ದೆ ಎಂದ. ಹೇಳಿದ್ದು ನಿಜವೇ. ಅದು ದಿನವೂ ಎಲ್ಲರಿಗೂ ಹೇಳುವ ಮಾತು. ಅಯ್ಯನವರು ಮಶೀನಿನ ಕೆಳಗೆ ಕಣ್ಣು ಬಿಗಿಯಾಗಿ ಮುಚ್ಚಿ ಪಂಚಾಕ್ಷರಿ ಜಪಿಸುತ್ತಾ ಮಲಗುವವರು. ಮೈಮೇಲಿದ್ದ ಗೆರೆ ತಮ್ಮದಲ್ಲ ಎಂಬುದನ್ನು ನೋಡಿರಲೇ ಇಲ್ಲ.

ಹಾಗಾದರೆ ರಕ್ತ ಏಕೆ ಎಂದು ನಾನು ಕೇಳಿದೆ. ಗ್ರಂಥಿಗೆ ಅಂಟಿಕೊಂಡಂತೆಯೇ ಹಿಂದೆ ಗುದನಾಳ ಇದೆ, ಕರೆಂಟ್ ಎಷ್ಟೇ ಸರಿಯಾಗಿ ಬಿದ್ದರೂ ಅದಕ್ಕೂ ಸ್ವಲ್ಪ ತಾಗುತ್ತದೆ, ಒಳಪದರ ಹುಣ್ಣಾಗಿ ರಕ್ತ ಬರುತ್ತದೆ ಎಂದು ಡಾಕ್ಟರ್‌ಬಾಯಿ ವಿವರಿಸಿದರು. ಇದನ್ನು ಮೊದಲ ದಿನವೇ ಹೇಳಿದ್ದೆ ಎಂದೂ ಸೇರಿಸಿದರು. ಔಷಧ ಕೊಡುತ್ತೇನೆ, ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷ ಕಳೆದ ಮೇಲೆ ಮತ್ತೆ ಬರುವುದೂ ಉಂಟು. ಮುಂದೆ ಹಾಗೇ ಆಯಿತು, ತೊಂಬತ್ತೊಂದರ ದೀಪಾವಳಿಯವರೆಗೂ ಅದು ಬಂದು ಹೋಗಿ ಮಾಡಿತು.

ಅಯ್ಯನವರು ಅಲ್ಲಿಯವರೆಗೆ ಮೇಜಿನ ಅಂಚನ್ನೇ ನೋಡುತ್ತಿದ್ದವರು ತಲೆ ಎತ್ತಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು. ನಾನು ಬಿಟ್ಟ ದಿನಗಳದ್ದು ಏನು ಎಂದು. ಆಕೆ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ನಾಳೆಯಿಂದಲೇ ಮತ್ತೆ ಶುರುಮಾಡೋಣ, ಕೊನೆಗೆ ಇನ್ನಷ್ಟು ದಿನ ಸೇರಿಸೋಣ, ಆದರೆ ಆ ಬಿಡುವಿನಿಂದ ಏನಾಗಿದೆ, ಏನಾಗಿಲ್ಲ ಎಂದು ಈಗ ನಾನು ಹೇಳಲಾರೆ ಎಂದರು. ಗೆರೆ ತಪ್ಪಿದ್ದರಿಂದ ಏನೂ ಆಗಿರಲಿಲ್ಲ. ಆಗಿದ್ದರೆ ಬಚ್ಚಿಟ್ಟುಕೊಂಡು ಕೂತದ್ದರಿಂದ ಆಗಿರಬೇಕು. ನಮ್ಮಿಬ್ಬರಿಗೂ ಅದು ಒಟ್ಟಿಗೇ ಅರ್ಥವಾಯಿತು.

ವಾಪಸು ಬರುವಾಗ ಗಾಡಿ ಖಾಲಿ ಇತ್ತು. ಕಿಟಕಿ ಪಕ್ಕ ಕೂತು, ತಪ್ಪು ನನ್ನ ಗೆರಿದ ಆಗಿದ್ರ ಚೊಲೊ ಇತ್ತು, ಗೆರಿ ತಿದ್ದಬಹುದು ಎಂದು ಹೊರಗೆ ನೋಡುತ್ತಲೇ ಹೇಳಿದರು. ಮನೆಯಲ್ಲಿ ನೀವು ಹೇಳುತ್ತೀರೋ ನಾನು ಹೇಳಲೋ ಎಂದಷ್ಟೇ ಕೇಳಿದೆ. ಸಂಜೆ ಅವರೇ ಹೇಳಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅಂಬಕ್ಕ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ಅನ್ನಕ್ಕಿಟ್ಟರು.

ಮರುದಿನ ಬೆಳಗ್ಗೆ ಅವರನ್ನು ಕರೆದೊಯ್ಯಲು ಹೋದಾಗ ಬಾಗಿಲು ತೆರೆದೇ ಇತ್ತು. ಅಯ್ಯನವರು ಮಣೆಯ ಮೇಲೆ ಬರಿಮೈಯಲ್ಲಿ ಕೂತಿದ್ದರು. ಒಲೆಯ ಮೇಲೆ ಜಳಕದ ನೀರಿರಲಿಲ್ಲ. ರಾತ್ರಿ ಮತ್ತೆ ಹೊಟ್ಟೆ ಕೆಟ್ಟಿತ್ತಂತೆ. ಪೂರ್ತಿ ಜಳಕ ಮಾಡುವ ಹಾಗಿಲ್ಲ ಎಂದರೆ ಇವತ್ತು ಪೂಜೆ ಬೇಡ, ಪೂಜೆ ಇಲ್ಲ ಎಂದರೆ ಊಟವೂ ಬೇಡ, ಔಷಧವೂ ಬೇಡ, ಹಾಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದರು. ಖಾಲಿ ಹೊಟ್ಟೆಯಲ್ಲಿ ದಾದರ್ ದಾಟುವ ಶಕ್ತಿಯೂ ಆ ಮೈಯಲ್ಲಿ ಇರಲಿಲ್ಲ. ನಾನು ಏನೋ ಹೇಳಹೊರಟೆ. ಅಂಬಕ್ಕ ಕೈ ಅಡ್ಡ ಮಾಡಿ ನನ್ನನ್ನು ತಡೆದು, ಅವರ ಎದುರಿಗೆ ನೆಲದ ಮೇಲೆ ಕೂತರು.

“ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲಂತ ಮದುವ್ಯಾದ ವರ್ಷ ನನಗ ಹೇಳಿಕೊಟ್ಟವರು ನೀವ. ತಿಂಗಳದ ದಿನದಾಗೂ ನನ್ನ ಪೂಜಿ ಬಿಡಿಸಲಿಲ್ಲ. ಈಗ ನಿಮ್ಮ ಮೈಗೆ ಬ್ಯಾನಿ ಬಂದ್ರ ಅದು ಮೈಲಿಗಿ ಆತೇನ್ರಿ? ಮೈಗೆ ಹತ್ತಿದ್ದು ತೊಳದ್ರ ಹೋಗತೈತಿ. ಆ ಲಿಂಗ ಎದಿ ಮ್ಯಾಲ ಇಟಗೊಂಡು ದಿನಾ ನನಗ ಸುಳ್ಳ ಹೇಳಿದ್ರೆಲ್ಲ, ಅದಕ್ಕ ಯಾವ ಜಳಕ ಮಾಡ್ತೀರಿ?”

ದನಿ ಎತ್ತಿರಲಿಲ್ಲ. ಹೊರಗೆ ಯಾರದೋ ರೇಡಿಯೊದಲ್ಲಿ ಮರಾಠಿ ವಾರ್ತೆ ಬರುತ್ತಿತ್ತು. ಅಯ್ಯನವರು ಒಮ್ಮೆ ನನ್ನ ಕಡೆ ನೋಡಿದರು. ನಾನು ನನ್ನ ಛತ್ರಿಯನ್ನು ನೋಡಿಕೊಂಡೆ. ಆಮೇಲೆ ಅವರು ಎಡಗೈ ಮುಂದೆ ಚಾಚಿದರು. ಅಂಬಕ್ಕ ಅವರ ಹಣೆಗೆ ವಿಭೂತಿ ಹಚ್ಚಿ, ಕರಡಿಗೆ ಬಿಚ್ಚಿ, ಲಿಂಗವನ್ನು ಆ ಅಂಗೈಯಲ್ಲಿಟ್ಟರು. ಆಕೆ ಕೆಳಗಿನಿಂದ ತಮ್ಮ ಕೈ ಆಸರೆ ಕೊಟ್ಟರು.

ಪೂಜೆ ಮುಗಿಸಿ ಎರಡು ತುತ್ತು ಮಜ್ಜಿಗೆ ಅನ್ನ ತಿಂದು ಎದ್ದವರು, ಶರ್ಟು ತೊಟ್ಟುಕೊಳ್ಳುತ್ತಾ ನಡುವೆ ಅಂಬಕ್ಕನ ಕಡೆ ತಿರುಗಿ ನಿಂತುಬಿಟ್ಟರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳದ ಮಾತು ಅದು.

“ನನಗ ಭಾಳ ಅಂಜಿಕಿ ಆಗಾಕತ್ತೈತಿ. ಇವತ್ತ ನೀನೂ ಬಾ.”

ಅಂಬಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಬೀಗದ ಕೈ ಹುಡುಕಲು ಒಳಗೆ ಹೋದರು.